ದಿವಂಗತ ಪಾಲ್ವಣಕರ ಬಾಳೂ: ಧಾರವಾಡದಲ್ಲಿ ಹುಟ್ಟಿ ಮುಂಬಯಿಯ ಮೈದಾನವನ್ನು ಗೆದ್ದವರು

ಮರೀನ್ ಲೈನ್ಸ್ ನಿಲ್ದಾಣದ ಮಗ್ಗುಲಲ್ಲಿ, ಸಮುದ್ರಕ್ಕೆ ಮುಖಮಾಡಿ ಸಾಲಾಗಿ ನಿಂತಿರುವ ಕ್ರೀಡಾಂಗಣಗಳನ್ನು ನಮ್ಮ ವಾಚಕರಲ್ಲಿ ನೋಡದವರು ವಿರಳ. ಹಿಂದು ಜಿಮಖಾನಾ, ಇಸ್ಲಾಮ್ ಜಿಮಖಾನಾ, ಪಾರ್ಸಿ ಜಿಮಖಾನಾ ಎಂಬ ಆ ಹೆಸರುಗಳೇ ಒಂದು ಕಾಲದ ಕಥೆಯನ್ನು ಹೇಳುತ್ತವೆ. ಧರ್ಮಕ್ಕೊಂದು ಅಂಗಣ, ಜಾತಿಗೊಂದು ತಂಡ ಎಂಬ ಏರ್ಪಾಡಿನಲ್ಲಿ ಈ ನಗರದ ಕ್ರಿಕೆಟ್ ಬೆಳೆಯಿತು. ಅಂಥ ಏರ್ಪಾಡಿನ ನಡುವೆ, ಯಾವ ಅಂಗಣದಲ್ಲೂ ತನ್ನದೆಂಬ ಜಾಗವಿಲ್ಲದ ಒಬ್ಬ ಬಡ ಯುವಕನು ತನ್ನ ಎಡಗೈಯ ಬಲದಿಂದಲೇ ಹಿಂದೂಗಳ ತಂಡದ ಆಧಾರಸ್ತಂಭವಾದನು. ಅವರೇ ದಿವಂಗತ ಪಾಲ್ವಣಕರ ಬಾಳೂ.

ಬಾಳೂ ಅವರು ಇಹಲೋಕವನ್ನು ತ್ಯಜಿಸಿದ್ದು ೧೯೫೫ರ ಜುಲೈ ೪ರಂದು, ಇದೇ ಮುಂಬಯಿಯಲ್ಲಿ. ಅವರು ಹುಟ್ಟಿದ್ದು ನಮ್ಮ ಧಾರವಾಡದಲ್ಲಿ. ಈ ಎರಡನೆಯ ಸಂಗತಿಯನ್ನು ತಿಳಿದವರು ನಮ್ಮವರಲ್ಲಿ ಬಹಳ ಮಂದಿಯಿಲ್ಲ. ಹುಟ್ಟಿದೂರನ್ನು ಬಿಟ್ಟು ಬಂದು ಈ ಮಹಾನಗರದಲ್ಲಿ ಕೈಕೆಲಸದಿಂದ ಬದುಕನ್ನು ಕಟ್ಟಿಕೊಂಡ ಜನ ನಾವು. ಅವರ ಚರಿತ್ರೆ ನಮಗೆ ಸಂಬಂಧಿಸದ್ದಲ್ಲ ಎಂದು ಭಾವಿಸಿ ಇಂದು ಅದನ್ನು ವಾಚಕರ ಮುಂದಿಡುತ್ತಿದ್ದೇವೆ.

ಜನನ ಮತ್ತು ಬಾಲ್ಯ

೧೮೭೬ರ ಮಾರ್ಚ್ ೧೯ರಂದು ಬಾಳೂ ಅವರ ಜನನವಾಯಿತು. ಆಗ ಧಾರವಾಡ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅವರ ಮನೆತನದ ಮೂಲ ಕೊಂಕಣ ತೀರದ ಪಾಲ್ವಣವೆಂಬ ಹಳ್ಳಿ, ಮನೆಮಾತು ಮರಾಠಿ. ಆದುದರಿಂದ ಅವರನ್ನು ಕನ್ನಡಿಗರೆಂದು ಸಾರಿ ಹೆಮ್ಮೆಪಟ್ಟುಕೊಳ್ಳುವ ಉದ್ದೇಶ ನಮಗಿಲ್ಲ. ಹುಟ್ಟಿದ ಮಣ್ಣಿನ ಋಣ ಒಂದಿದೆ, ಅಷ್ಟೇ ನಮ್ಮ ಮಾತು.

ಅವರು ಚರ್ಮಕಾರ ಜಾತಿಯಲ್ಲಿ ಹುಟ್ಟಿದರು. ಆ ಕಾಲದ ಹಿಂದೂ ಸಮಾಜವು ಅವರನ್ನು ಮುಟ್ಟಬಾರದವರ ಸಾಲಿನಲ್ಲಿ ಇರಿಸಿತ್ತು. ತಂದೆ ಸೈನ್ಯದ ನೌಕರಿಯಲ್ಲಿದ್ದುದರಿಂದ ಸಂಸಾರವು ಪುಣೆಗೆ ಬಂದು ನೆಲೆಸಿತು. ದಂಡಿನ ಪ್ರದೇಶದಲ್ಲಿ ಬಿಳಿಯ ಅಧಿಕಾರಿಗಳು ಆಡಿ ಬಿಸುಟ ಚೆಂಡು, ದಾಂಡುಗಳೇ ಬಾಳೂ ಮತ್ತು ಅವರ ತಮ್ಮ ಶಿವರಾಮ ಇವರ ಮೊದಲ ಆಟಿಕೆಗಳು. ಮುಂದೆ ಗಣಪತ ಮತ್ತು ವಿಠ್ಠಲ ಎಂಬ ಇನ್ನಿಬ್ಬರು ತಮ್ಮಂದಿರೂ ಅದೇ ಹಾದಿ ಹಿಡಿದರು. ಒಂದೇ ತಾಯಿಯ ನಾಲ್ವರು ಮಕ್ಕಳು ಶ್ರೇಷ್ಠ ದರ್ಜೆಯ ಕ್ರಿಕೆಟ್ ಆಡಿದ್ದು ಆ ಮನೆತನದ ಹಿರಿಮೆ.

ತಿಂಗಳಿಗೆ ನಾಲ್ಕು ರೂಪಾಯಿ

ಬಡವರ ಮನೆಯ ಹಿರಿಯ ಮಗನಿಗೆ ಆಟವೆಂಬುದು ಹೊಟ್ಟೆ ತುಂಬಿಸುವುದಿಲ್ಲ. ಬಾಳೂ ಅವರಿಗೆ ದೊರೆತ ಮೊದಲ ಉದ್ಯೋಗ ಪುಣೆಯ ಪಾರ್ಸಿಗಳ ಕ್ರಿಕೆಟ್ ಕ್ಲಬ್ಬಿನಲ್ಲಿ ಅಂಗಣ ಗುಡಿಸುವುದು, ರೋಲರು ಎಳೆಯುವುದು, ಕೆಲವೊಮ್ಮೆ ಸದಸ್ಯರ ಅಭ್ಯಾಸಕ್ಕಾಗಿ ಚೆಂಡೆಸೆಯುವುದು. ಸಂಬಳ ತಿಂಗಳಿಗೆ ೩ ರೂಪಾಯಿ. ಕೆಲಕಾಲದ ನಂತರ, ೧೮೯೨ರ ಸುಮಾರಿಗೆ, ಅವರು ಬಿಳಿಯರ ಪೂನಾ ಕ್ಲಬ್ಬಿಗೆ ಬಂದರು. ಅಲ್ಲಿ ಸಂಬಳ ೪ ರೂಪಾಯಿ. ಕೆಲಸವೂ ಹೆಚ್ಚಾಯಿತು: ಪಿಚ್ಚನ್ನು ಹದಗೊಳಿಸುವುದು, ಬಲೆ ಕಟ್ಟುವುದು, ಗೆರೆ ಎಳೆಯುವುದು, ಟೆನಿಸ್ ಅಂಗಣವನ್ನು ನೋಡಿಕೊಳ್ಳುವುದು.

ಆ ಕ್ಲಬ್ಬಿನಲ್ಲಿ ಟ್ರಾಸ್ ಎಂಬೊಬ್ಬ ಆಂಗ್ಲ ಆಟಗಾರನು ಈ ಹುಡುಗನಿಂದ ಮೊದಲು ಚೆಂಡೆಸೆಯಿಸಿ ನೋಡಿದನು. ನಿಧಾನಗತಿಯ ಎಡಗೈ ಎಸೆತ. ಚೆಂಡು ಗಾಳಿಯಲ್ಲಿ ತೇಲಿ ಬಂದು, ನೆಲ ಮುಟ್ಟಿದೊಡನೆ ಹೊರಗೋ ಒಳಗೋ ಹೊರಳುವುದನ್ನು ದಾಂಡಿಗನು ಊಹಿಸಲಾರದಾದನು. ಈ ಸುದ್ದಿ ಕ್ಯಾಪ್ಟನ್ ಜೆ. ಜಿ. ಗ್ರೆಗ್ ಎಂಬ ಸೇನಾಧಿಕಾರಿಯ ಕಿವಿಗೆ ಬಿತ್ತು. ಗ್ರೆಗ್ ಅಂದಿನ ಪಶ್ಚಿಮ ಹಿಂದೂಸ್ತಾನದ ಬಿಳಿಯ ದಾಂಡಿಗರಲ್ಲಿ ಅಗ್ರಗಣ್ಯ. ಅವನು ಇತರ ಸದಸ್ಯರಿಗಿಂತ ಮೊದಲೇ ಅಂಗಣಕ್ಕೆ ಬಂದು, ಗಂಟೆಗಟ್ಟಲೆ ಬಾಳೂ ಅವರ ಎಸೆತಕ್ಕೆ ಆಡಿ ಅಭ್ಯಾಸ ಮಾಡುತ್ತಿದ್ದನು. ತನ್ನನ್ನು ಔಟು ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದನೆಂಬ ಪ್ರತೀತಿಯಿದೆ. ಅದು ನಿಜವಾದರೆ, ಗ್ರೆಗ್‌ನನ್ನು ಎಂಟು ಸಲ ಔಟು ಮಾಡಿದರೆ ಒಂದು ತಿಂಗಳ ಸಂಬಳ ಕೈಗೆ ಬಂದಂತೆ. ಕಲಿಕೆಗೆ ಇದಕ್ಕಿಂತ ಹೆಚ್ಚಿನ ಪ್ರೇರಣೆ ಯಾವ ಶಾಲೆಯಲ್ಲಿ ದೊರೆತೀತು?

ಇಲ್ಲೊಂದು ವಿಚಾರವನ್ನು ಗಮನಿಸಬೇಕು. ಸಾವಿರಾರು ಚೆಂಡುಗಳನ್ನು ಎಸೆದ ಬಾಳೂ ಅವರಿಗೆ ಪೂನಾ ಕ್ಲಬ್ಬಿನವರು ದಾಂಡು ಹಿಡಿಯುವ ಅವಕಾಶವನ್ನು ಕೊಡಲಿಲ್ಲ. ಬೆವರು ಸುರಿಸಿ ಚೆಂಡೆಸೆಯುವುದು ಆಳಿನ ಕೆಲಸ, ದಾಂಡು ಬೀಸುವುದು ದೊರೆಯ ವಿಲಾಸ ಎಂಬುದು ಅಂದಿನ ನಿಯಮ. ಇಂಥ ನಿಯಮ ಕ್ರಿಕೆಟ್ಟಿಗೆ ಮಾತ್ರ ಸೀಮಿತವಲ್ಲ. ಗಾಲ್ಫ್ ಆಟದಲ್ಲಿಯೂ ಸಾಹುಕಾರರ ಕೋಲಿನ ಚೀಲವನ್ನು ಹೊರುತ್ತ, ಹುಲ್ಲಿನ ಏರುಪೇರನ್ನು ಕಣ್ಣಳತೆಯಲ್ಲಿಯೇ ಕಲಿತ ಹುಡುಗರಿಂದ ನಮ್ಮ ದೇಶದ ಎಷ್ಟೋ ವೃತ್ತಿಪರ ಆಟಗಾರರು ಹೊರಬಂದಿದ್ದಾರೆ. ೧೯೯೧ರಲ್ಲಿ ಇಂಡಿಯನ್ ಓಪನ್ ಪಂದ್ಯವನ್ನು ಗೆದ್ದ ಮೊದಲ ಭಾರತೀಯ ಅಲಿ ಶೇರ್ ಅಂಥ ಚೀಲ ಹೊತ್ತ ಹುಡುಗನೇ. ಅಂಗಣದ ಸೇವೆ ಮಾಡಿದವನಿಗೆ ಅಂಗಣದ ಗುಟ್ಟು ತಿಳಿದಿರುತ್ತದೆ; ಆ ಗುಟ್ಟನ್ನು ಬಳಸುವ ಸಂದರ್ಭ ಒದಗುವುದೇ ಕಷ್ಟ.

ಮಣ್ಣಿನ ಕುಡಿಕೆಯ ಚಹಾ

ಬಾಳೂ ಅವರಿಗೆ ಆ ಸಂದರ್ಭ ಒದಗಿದ್ದು ಪುಣೆಯ ಹಿಂದೂ ತಂಡದ ಗೆಲ್ಲುವ ಆಸೆಯಿಂದ. ಬಿಳಿಯರನ್ನು ಸೋಲಿಸಲು ಉತ್ತಮ ಬೌಲರನೊಬ್ಬ ಬೇಕಾಗಿದ್ದನು. ಅಂಥವನು ಊರಿನಲ್ಲಿಯೇ ಇದ್ದನು, ಆದರೆ ಅವನ ಜಾತಿ ಅಡ್ಡಬಂದಿತು. ಸದಸ್ಯರಲ್ಲಿ ವಾದವಿವಾದಗಳಾದವು. ತೆಲುಗು ಸದಸ್ಯರು ಸೇರಿಸಿಕೊಳ್ಳಬೇಕೆಂದರು, ಇತರ ಕೆಲವರು ಕೂಡದೆಂದರು. ಇಂಥ ಬೌಲರನನ್ನು ಕೈಬಿಡುವುದು ಹಿಂದೂಗಳ ಮೂರ್ಖತನವಾದೀತೆಂದು ಗ್ರೆಗ್ ಸಾಹೇಬನೇ ಬಹಿರಂಗವಾಗಿ ಅಭಿಪ್ರಾಯಪಟ್ಟನಂತೆ. ಕೊನೆಗೆ ಬಾಳೂ ಅವರನ್ನು ತಂಡಕ್ಕೆ ಸೇರಿಸಿಕೊಳ್ಳಲಾಯಿತು.

ಸೇರಿಸಿಕೊಂಡ ಬಗೆಯಾದರೂ ಎಂಥದು! ಮೈದಾನದಲ್ಲಿ ಎಲ್ಲರೂ ಅವರು ಮುಟ್ಟಿದ ಚೆಂಡನ್ನೇ ಮುಟ್ಟುವರು. ಚಹಾದ ವಿರಾಮ ಬಂದೊಡನೆ ಉಳಿದ ಹತ್ತು ಮಂದಿ ಒಳಗೆ ಪಿಂಗಾಣಿಯ ಬಟ್ಟಲುಗಳಲ್ಲಿ ಚಹಾ ಸೇವಿಸಿದರೆ, ಬಾಳೂ ಅವರಿಗೆ ಹೊರಗೆ ಮಣ್ಣಿನ ಕುಡಿಕೆಯಲ್ಲಿ, ಕುಡಿದ ಬಳಿಕ ಎಸೆದುಬಿಡುವಂಥದರಲ್ಲಿ, ಚಹಾ ಕೊಡಲಾಗುತ್ತಿತ್ತು. ಮುಖ ತೊಳೆಯಬೇಕೆಂದರೆ ಅವರದೇ ವರ್ಗದ ಆಳೊಬ್ಬನು ಅಂಗಣದ ಮೂಲೆಯಲ್ಲಿ ನೀರು ಹಾಕಬೇಕು. ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು. ಬೆಳಿಗ್ಗೆ ತಂಡಕ್ಕಾಗಿ ಐದು ಹುದ್ದರಿಗಳನ್ನು ಉರುಳಿಸಿದ ಕೈಗೆ ಮಧ್ಯಾಹ್ನ ಪಂಕ್ತಿಯಲ್ಲಿ ಸ್ಥಳವಿಲ್ಲ.

ಈ ವಾಕ್ಯಗಳನ್ನು ಬರೆಯುವಾಗ ನಮ್ಮ ಲೇಖನಿ ಸ್ವಲ್ಪ ತಡೆಯಿತೆಂಬುದನ್ನು ಮುಚ್ಚಿಡಲಾರೆವು. ಪತ್ರಿಕೆಯ ಕೆಲಸಕ್ಕೆ ಬರುವ ಮೊದಲು ಹಲವು ವರ್ಷ ನಾವು ಹೋಟೆಲಿನ ಗಲ್ಲಾದ ಹಿಂದೆ ಕುಳಿತವರು. ಅದಕ್ಕೂ ಮೊದಲು ಹುಡುಗನಾಗಿ ನಾವು ದುಡಿದ ಹೋಟೆಲೊಂದರಲ್ಲಿ, ಹಿಂಬಾಗಿಲ ಕಿಟಕಿಯ ಮೇಲೆ ಹಿಡಿ ಮುರಿದ ಕಪ್ಪೊಂದು ಸದಾ ಬೋರಲಾಗಿ ಇರುತ್ತಿತ್ತು. ಮೋರಿ ತೊಳೆಯುವವನಿಗೆ ಚಹಾ ಕೊಡುವುದು ಅದರಲ್ಲಿಯೇ. ಕುಡಿದ ಮೇಲೆ ಅದನ್ನು ಅವನೇ ತೊಳೆದಿಡಬೇಕು. ಹಾಗೆಂದು ಯಾರೂ ನಿಯಮ ಬರೆದಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ. ಮುಂದೆ ನಮ್ಮದೇ ಹೋಟೆಲಾದಾಗ ಅಂಥ ಕಪ್ಪೊಂದು ನಮ್ಮ ಹಿಂಬಾಗಿಲಿನಲ್ಲಿಯೂ ತಾನಾಗಿ ಕಾಣಿಸಿಕೊಂಡಿತು. ಅದು ಅಲ್ಲಿದೆಯೆಂಬುದು ನಮ್ಮ ಕಣ್ಣಿಗೆ ಬೀಳಲು ಎರಡು ವರ್ಷ ಹಿಡಿಯಿತು. ಆದುದರಿಂದ ಪುಣೆಯ ಆ ಹಿಂದೂ ಆಟಗಾರರನ್ನು ಕೇವಲ ಹಳೆಯ ಕಾಲದ ಮೂಢರೆಂದು ದೂರ ನಿಂತು ಜರೆಯುವ ಅಧಿಕಾರ ನಮಗಿಲ್ಲ.

ಬಾಳೂ ಅವರು ಉತ್ತರ ಕೊಟ್ಟದ್ದು ಚೆಂಡಿನಿಂದ. ಸಾತಾರೆಯ ಬಿಳಿಯರ ಜಿಮಖಾನಾದೊಂದಿಗೆ ನಡೆದ ಪಂದ್ಯವು ಪ್ರಸಿದ್ಧವಾದುದು. ಬಾಳೂ ಅವರ ಎಸೆತ ತಿರುಗದಂತೆ ಮಾಡಲು ಅಲ್ಲಿನವರು ಒಂದು ವಾರ ಪಿಚ್ಚಿನ ಮೇಲೆ ರೋಲರು ಎಳೆಯಿಸಿ ಅದನ್ನು ಕಲ್ಲಿನಂತೆ ಗಟ್ಟಿಮಾಡಿದರಂತೆ. ರೋಲರಿನ ಹಿಂದೆ ವರ್ಷಗಟ್ಟಲೆ ನಡೆದವನಿಗೆ ಈ ಉಪಾಯ ಹೊಸದೇ? ಬಾಳೂ ಏಳು ಹುದ್ದರಿಗಳನ್ನು ಕಿತ್ತರು, ಹಿಂದೂ ತಂಡವು ಜಯಗಳಿಸಿತು. ಅನಂತರ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ಸಾರ್ವಜನಿಕ ಸಭೆಯಲ್ಲಿ ಅವರಿಗೆ ಹೂಮಾಲೆ ಹಾಕಿ, ಆಟದಲ್ಲಿ ಜೊತೆಗೂಡಿಸಿಕೊಳ್ಳುವವನನ್ನು ಅನ್ನಪಾನಗಳಲ್ಲಿ ದೂರವಿಡುವುದು ಸಲ್ಲದೆಂಬ ಅರ್ಥದ ಮಾತುಗಳನ್ನಾಡಿದರೆಂದು ಬಾಳೂ ಅವರ ಚರಿತ್ರಕಾರರು ದಾಖಲಿಸಿದ್ದಾರೆ. ಲೋಕಮಾನ್ಯ ತಿಲಕರೂ ಅವರನ್ನು ಕೊಂಡಾಡಿದರು.

ಮುಂಬಯಿಗೆ ಆಗಮನ

೧೮೯೬ರಲ್ಲಿ ಪುಣೆಗೆ ಪ್ಲೇಗು ಬಡಿಯಿತು. ಆ ಕಾಲದಲ್ಲಿಯೇ ಬಾಳೂ ಅವರು ಮುಂಬಯಿಗೆ ಬಂದರು. ಕೆಲಕಾಲ ಸೈನ್ಯದ ಕೆಲಸದಲ್ಲಿದ್ದು, ಬಳಿಕ ಬಿ. ಬಿ. ಅಂಡ್ ಸಿ. ಐ. ರೈಲ್ವೆಯಲ್ಲಿ ನೌಕರಿ ಹಿಡಿದು ಅದರ ತಂಡಕ್ಕಾಗಿ ಆಡಿದರು. ನಾವಿಂದು ಚರ್ಚ್‌ಗೇಟಿನಿಂದ ವಿರಾರಿಗೆ ಪ್ರಯಾಣಿಸುವ ಪಶ್ಚಿಮ ರೈಲ್ವೆಯ ಅಂದಿನ ಹೆಸರೇ ಅದು. ಆಗಿನ್ನೂ ಹೊಸದಾಗಿ ಸ್ಥಾಪಿತವಾಗಿದ್ದ ಪರಮಾನಂದದಾಸ ಜೀವನದಾಸ ಹಿಂದು ಜಿಮಖಾನಾದಲ್ಲಿಯೂ ಅವರ ಜಾತಿಯ ಪ್ರಶ್ನೆ ಎದ್ದಿತು. ಕೆಲವು ಗುಜರಾತಿ ಸದಸ್ಯರ ಆಕ್ಷೇಪಣೆಯನ್ನು ನಾಯಕ ಕೀರ್ತಿಕರರು ಸಮಾಧಾನಪಡಿಸಿ ಅವರನ್ನು ತಂಡಕ್ಕೆ ತಂದರು.

ಮುಂಬಯಿಯ ಕ್ರಿಕೆಟ್ಟಿನಲ್ಲಿ ಮೊದಲು ತಲೆಯೆತ್ತಿದವರು ಪಾರ್ಸಿಗಳು. ೧೮೮೬ರಲ್ಲಿಯೇ ಅವರು ವಿಲಾಯತಿಗೆ ತಂಡ ಕಳುಹಿಸಿದ್ದರು. ಹಿಂದೂಗಳು ಬಿಳಿಯರ ತಂಡವನ್ನು ಸರಿಸಮವಾಗಿ ಎದುರಿಸಿದ ಮೊದಲ ದೊಡ್ಡ ಪಂದ್ಯ ನಡೆದದ್ದು ೧೯೦೬ರ ಫೆಬ್ರವರಿಯಲ್ಲಿ, ಬಾಂಬೆ ಜಿಮಖಾನಾದ ಅಂಗಣದಲ್ಲಿ. ಹಿಂದೂಗಳು ೨೪೨ ಮತ್ತು ೧೬೦ ಓಟಗಳನ್ನು ಗಳಿಸಿದರೆ, ಬಿಳಿಯರು ೧೯೧ ಮತ್ತು ೧೦೨ಕ್ಕೆ ಮುಗಿದರು. ೧೦೯ ಓಟಗಳ ಜಯ! ಎರಡು ಸರದಿಗಳಲ್ಲಿ ಎಂಟು ಹುದ್ದರಿಗಳನ್ನು ಪಡೆದು ಬಿಳಿಯರ ಬೆನ್ನು ಮುರಿದವರು ಬಾಳೂ. ತಮ್ಮ ಶಿವರಾಮನೂ ಜೊತೆಯಲ್ಲಿ ಆಡಿದನು.

ಅದು ವಂಗಭಂಗದ ಮರುವರ್ಷ. ಸ್ವದೇಶಿಯ ಗಾಳಿ ದೇಶದೆಲ್ಲೆಡೆ ಬೀಸುತ್ತಿದ್ದ ಕಾಲ. ಆಳುವವರನ್ನು ಅವರದೇ ಆಟದಲ್ಲಿ, ಅವರದೇ ಅಂಗಣದಲ್ಲಿ ಮಣಿಸಿದ ಸುದ್ದಿ ಜನರ ಎದೆಯನ್ನು ಉಬ್ಬಿಸಿತು. ಮುಂಬಯಿಯ ಇಂಡಿಯನ್ ಸೋಶಿಯಲ್ ರಿಫಾರ್ಮರ್ ಪತ್ರಿಕೆಯು ಈ ಜಯದಲ್ಲಿ ಇನ್ನೊಂದು ಅರ್ಥವನ್ನು ಕಂಡಿತು. ಪುಣೆಯವರು ಆಟದಲ್ಲಿ ಮಾತ್ರ ಸೇರಿಸಿಕೊಂಡ ಈ ಸೋದರರನ್ನು ಮುಂಬಯಿಯವರು ಸಹಭೋಜನಕ್ಕೂ ಸೇರಿಸಿಕೊಂಡದ್ದು ಪಂದ್ಯದ ಜಯಕ್ಕಿಂತಲೂ ದೊಡ್ಡ ಜಯವೆಂಬುದು ಅದರ ಅಭಿಪ್ರಾಯದ ಸಾರ. ಹತ್ತು ವರ್ಷಗಳಲ್ಲಿ ಬಾಳೂ ಅವರು ಹೊರಗಿನ ಕುಡಿಕೆಯಿಂದ ಒಳಗಿನ ಮೇಜಿಗೆ ನಡೆದುಬಂದಿದ್ದರು.

೧೯೦೭ರಿಂದ ಬಿಳಿಯರು, ಪಾರ್ಸಿಗಳು, ಹಿಂದೂಗಳು ಸೇರಿದ ತ್ರಿಕೋನ ಪಂದ್ಯಾವಳಿ ಆರಂಭವಾಯಿತು. ೧೯೧೨ರಲ್ಲಿ ಮುಸಲ್ಮಾನರು ಸೇರಿ ಅದು ಚತುಷ್ಕೋನವಾಯಿತು. ರಣಜಿ ಟ್ರೋಫಿ ಹುಟ್ಟುವ ಮೊದಲು ಈ ದೇಶದ ಆಟಗಾರನಿಗೆ ಇದಕ್ಕಿಂತ ದೊಡ್ಡ ರಂಗಸ್ಥಳವಿರಲಿಲ್ಲ. ಬಾಳೂ ಅವರು ತಮ್ಮ ಯೌವನದ ಉತ್ತಮ ಭಾಗವನ್ನೆಲ್ಲ ಈ ರಂಗಸ್ಥಳಕ್ಕೆ ಅರ್ಪಿಸಿದರು.

ವಿಲಾಯತಿ ಯಾತ್ರೆ

೧೯೧೧ರಲ್ಲಿ ಮೊಟ್ಟಮೊದಲ ಅಖಿಲ ಭಾರತ ತಂಡವು ಇಂಗ್ಲೆಂಡಿಗೆ ಹೊರಟಿತು. ಪಾರ್ಸಿಗಳು, ಹಿಂದೂಗಳು, ಮುಸಲ್ಮಾನರು ಅದರಲ್ಲಿದ್ದರು. ನಾಯಕರು ಇನ್ನೂ ಇಪ್ಪತ್ತು ತುಂಬದ ಪಟಿಯಾಲೆಯ ಮಹಾರಾಜ ಭೂಪಿಂದರ್ ಸಿಂಗರು. ಅದೇ ಬೇಸಿಗೆಯಲ್ಲಿ ಐದನೆಯ ಜಾರ್ಜ್ ದೊರೆಯ ಕಿರೀಟಧಾರಣೆಯ ಸಂಭ್ರಮವಿತ್ತು. ಮಹಾರಾಜರು ಲಂಡನ್ನಿನ ಔತಣಗಳಲ್ಲಿ ಮಗ್ನರಾಗಿ ಕೆಲವೇ ಪಂದ್ಯಗಳನ್ನಾಡಿದರು. ನಾಯಕನಿಲ್ಲದ ತಂಡವು ಸೋಲಿನ ಮೇಲೆ ಸೋಲನ್ನು ಕಂಡಿತು. ಒಟ್ಟು ೨೩ ಪಂದ್ಯಗಳಲ್ಲಿ ಗೆದ್ದದ್ದು ೬, ಸೋತದ್ದು ೧೫.

ಈ ಸೋಲುಗಳ ರಾಶಿಯ ನಡುವೆ ಮೂವತ್ತೈದು ವರ್ಷದ ಬಾಳೂ ಅವರೊಬ್ಬರ ಕೀರ್ತಿ ದೀಪದಂತೆ ಬೆಳಗಿತು. ಭುಜದ ನೋವಿನಲ್ಲಿಯೂ ಅವರು ಬಿಡುವಿಲ್ಲದೆ ಚೆಂಡೆಸೆದರು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ವಿರುದ್ಧ ಒಂದೇ ಸರದಿಯಲ್ಲಿ ೧೦೩ ಓಟಗಳಿಗೆ ೮ ಹುದ್ದರಿ. ಲೆಸ್ಟರ್‌ಶೈರ್ ವಿರುದ್ಧ ಎರಡು ಸರದಿಗಳಲ್ಲಿ ೧೧ ಹುದ್ದರಿ, ತಂಡಕ್ಕೆ ಜಯ. ಸಾಮರ್ಸೆಟ್ ವಿರುದ್ಧ ಒಂದೇ ಹುದ್ದರಿ ಉಳಿದಿರುವಾಗ ತಂಡವು ಗುರಿ ಮುಟ್ಟಿತು. ಅಂದು ಶಿವರಾಮನು ಔಟಾಗದೆ ಶತಕ ಬಾರಿಸಿದರೆ, ಅಣ್ಣ ಬಾಳೂ ಅರ್ಧಶತಕ ಗಳಿಸಿದರು. ಪೂನಾ ಕ್ಲಬ್ಬಿನಲ್ಲಿ ದಾಂಡು ಹಿಡಿಯಗೊಡದ ಕೈಯೇ ಅದು.

ಇಡೀ ಯಾತ್ರೆಯಲ್ಲಿ ಬಾಳೂ ಅವರು ಪಡೆದ ಹುದ್ದರಿಗಳು ೧೧೪. ಹುದ್ದರಿಯೊಂದಕ್ಕೆ ಕೊಟ್ಟ ಓಟಗಳ ಸರಾಸರಿ ೧೮.೮೪. ಇವುಗಳಲ್ಲಿ ಪ್ರಥಮ ದರ್ಜೆಯ ೧೪ ಪಂದ್ಯಗಳಿಂದ ಬಂದವು ೭೫. ಎಡಗೈ ಬೌಲರರಲ್ಲಿ ಇಂಗ್ಲೆಂಡಿನ ವಿಲ್ಫ್ರೆಡ್ ರೋಡ್ಸ್‌ಗೆ ಸಮನಾದವರು ಆಗ ಯಾರೂ ಇರಲಿಲ್ಲ. ಬಾಳೂ ಅವರು ಹಿಂದೂಸ್ತಾನದ ರೋಡ್ಸ್ ಎಂದೇ ಹೆಸರಾದರು. ಅಲ್ಲಿಯೇ ಉಳಿದು ವೃತ್ತಿಪರರಾಗಿ ಆಡುವಂತೆ ಕೌಂಟಿ ತಂಡಗಳಿಂದ ಕರೆ ಬಂದಿತೆಂದೂ ಹೇಳುತ್ತಾರೆ. ಅವರು ಮುಂಬಯಿಗೇ ಮರಳಿದರು.

ಮರಳಿದವರನ್ನು ಸನ್ಮಾನಿಸಲು ಅವರ ಜನ ಒಂದು ಸಭೆ ಸೇರಿಸಿತು. ಆ ಸಭೆಯ ಮಾನಪತ್ರವನ್ನು ರಚಿಸಿದವನು ಎಲ್ಫಿನ್‌ಸ್ಟನ್ ಕಾಲೇಜಿನ ಒಬ್ಬ ತರುಣ ವಿದ್ಯಾರ್ಥಿಯೆಂದು ಚರಿತ್ರಕಾರರು ಹೇಳುತ್ತಾರೆ. ಅವನ ಹೆಸರು ಭೀಮರಾವ್ ಅಂಬೇಡಕರ. ನಿಂದಿತ ಜನಾಂಗದ ಮಗನೊಬ್ಬನು ಪ್ರಪಂಚದ ಕಣ್ಣಿನಲ್ಲಿ ದೊಡ್ಡವನಾಗಬಲ್ಲನೆಂಬುದಕ್ಕೆ ಆ ತರುಣನ ಕಾಲದಲ್ಲಿ ಬಾಳೂ ಅವರಿಗಿಂತ ಮಿಗಿಲಾದ ಉದಾಹರಣೆಯಿರಲಿಲ್ಲ.

ದೊರೆಯದೆ ಹೋದ ನಾಯಕತ್ವ

ಇಷ್ಟೆಲ್ಲ ಸಾಧಿಸಿದ ಆಟಗಾರನನ್ನು ತಂಡದ ನಾಯಕನನ್ನಾಗಿ ಮಾಡುವುದು ಸಹಜವಲ್ಲವೆ? ಹಿಂದೂ ತಂಡದ ಆಯ್ಕೆಗಾರರಿಗೆ ಅದು ಸಹಜವಾಗಿ ತೋರಲಿಲ್ಲ. ೧೯೧೦ರಿಂದ ವರ್ಷ ವರ್ಷವೂ ಬಾಳೂ ಅವರ ಹೆಸರನ್ನು ಅಭಿಮಾನಿಗಳು ಮುಂದಿಡುವರು; ವರ್ಷ ವರ್ಷವೂ ಆ ಪದವಿ ಬೇರೊಬ್ಬರ ಪಾಲಾಗುವುದು. ಪಂಕ್ತಿಯಲ್ಲಿ ಕೂರಿಸಿಕೊಳ್ಳಲು ಒಪ್ಪಿದವರು ಪಂಕ್ತಿಯ ಅಗ್ರಸ್ಥಾನವನ್ನು ಕೊಡಲು ಒಪ್ಪಲಿಲ್ಲ. ಅವನ ಕೈಯ ದುಡಿಮೆ ಬೇಕು, ಅವನ ಅಪ್ಪಣೆ ಬೇಡ. ಜಾತಿಯ ಕಟ್ಟಳೆಯ ಕೊನೆಯ ಬೇರು ಇದೇ ಇರಬಹುದು.

ಇಲ್ಲಿ ದಿವಂಗತ ಎಂ. ಡಿ. ಪೈ ಅವರನ್ನು ಸ್ಮರಿಸಬೇಕು. ಗೌಡ ಸಾರಸ್ವತ ಬ್ರಾಹ್ಮಣರಾದ ಪೈ ಅವರೇ ಆ ವರ್ಷಗಳಲ್ಲಿ ಹಿಂದೂ ತಂಡದ ನಾಯಕರಾಗಿದ್ದವರು. ೧೯೧೩ರಲ್ಲಿ ತಮ್ಮ ಗೌರವಾರ್ಥವಾಗಿ ನಡೆದ ಸಭೆಯಲ್ಲಿಯೇ, ಹಿರಿತನದಿಂದಲೂ ಅನುಭವದಿಂದಲೂ ಈ ಗೌರವ ತಮ್ಮ ಗೆಳೆಯ ಬಾಳೂ ಅವರಿಗೆ ಸಲ್ಲಬೇಕಾಗಿತ್ತೆಂದು ಅವರು ಒಪ್ಪಿಕೊಂಡರು. ತನ್ನ ಕೊರಳಿಗೆ ಬಿದ್ದ ಮಾಲೆ ಇನ್ನೊಬ್ಬನದೆಂದು ಹೇಳುವ ಧೈರ್ಯ ಎಲ್ಲರಿಗೂ ಬರುವುದಿಲ್ಲ.

೧೯೨೦ರಲ್ಲಿ ಗಾಯ ಹುಣ್ಣಾಗಿ ಒಡೆಯಿತು. ಆ ವರ್ಷದ ಮೊದಲ ಪಂದ್ಯಕ್ಕೆ ನಾಲ್ವತ್ತನಾಲ್ಕು ವರ್ಷದ ಬಾಳೂ ಅವರನ್ನು ತಂಡದಿಂದ ಕೈಬಿಡಲಾಯಿತು. ಪೈ ಅವರು ಅಸ್ವಸ್ಥರಾಗಿ ಆಡಲಾರದಾದರು. ಹಿರಿಯನಾದ ವಿಠ್ಠಲನನ್ನು ಬಿಟ್ಟು ಪುಣೆಯ ಡಿ. ಬಿ. ದೇವಧರರನ್ನು ನಾಯಕರನ್ನಾಗಿ ಆರಿಸಿದರು. ವಿಠ್ಠಲ ಮತ್ತು ಶಿವರಾಮ ಇಬ್ಬರೂ ತಂಡದಿಂದ ಹೊರಬಂದು, ಜಾತಿಯ ಕಾರಣದಿಂದ ತಮಗಾದ ಅನ್ಯಾಯವನ್ನು ಪತ್ರಿಕೆಗಳಲ್ಲಿ ಬಹಿರಂಗಪಡಿಸಿದರು. ಗಾಂಧೀಜಿಯವರ ಅಸಹಕಾರ ಚಳವಳಿಯ ವರ್ಷವದು. ಅಸಹಕಾರವೆಂದರೇನೆಂದು ಪಾಲ್ವಣಕರ ಸೋದರರು ಕ್ರಿಕೆಟ್ ಅಂಗಣದಲ್ಲಿಯೇ ತೋರಿಸಿಕೊಟ್ಟರು. ಜನರ ಒತ್ತಾಯ ಬಲವಾಯಿತು. ಅಂತಿಮ ಪಂದ್ಯಕ್ಕೆ ಸೋದರರು ಮರಳಿದರು, ಬಾಳೂ ಉಪನಾಯಕರಾದರು. ಗುಣಮುಖರಾಗಿ ಬಂದ ಪೈ ಅವರು ಪಂದ್ಯದ ನಡುವೆ ಬೇಕೆಂದೇ ಮೈದಾನದಿಂದ ಹೊರನಡೆದು, ಕೆಲಹೊತ್ತು ಬಾಳೂ ಅವರು ತಂಡವನ್ನು ನಡೆಸುವಂತೆ ಮಾಡಿದರು. ಬಾಳೂ ಅವರಿಗೆ ದೊರೆತ ನಾಯಕತ್ವ ಅಷ್ಟೇ. ಅದೇ ಅವರ ಕೊನೆಯ ದೊಡ್ಡ ಪಂದ್ಯಾವಳಿ.

ಮೂರು ವರ್ಷಗಳ ಬಳಿಕ, ೧೯೨೩ರಲ್ಲಿ, ವಿಠ್ಠಲನನ್ನು ಹಿಂದೂ ತಂಡದ ನಾಯಕನನ್ನಾಗಿ ಆರಿಸಲಾಯಿತು. ಆ ವರ್ಷ ಹಿಂದೂಗಳು ಬಿಳಿಯರನ್ನು ಸೋಲಿಸಿ ಪಂದ್ಯಾವಳಿಯನ್ನು ಗೆದ್ದಾಗ, ಮೇಲ್ಜಾತಿಯ ಜನರೇ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಮುಟ್ಟಬಾರದವನನ್ನು ಹೊತ್ತು ಕುಣಿದ ಆ ಹೆಗಲುಗಳಿಗೆ ಹಾದಿ ಮಾಡಿಕೊಟ್ಟದ್ದು ಅಣ್ಣನ ಇಪ್ಪತ್ತೈದು ವರ್ಷಗಳ ಸಹನೆ.

ಅಂಬೇಡಕರರ ಎದುರಾಳಿ

ಆಟದಿಂದ ನಿವೃತ್ತರಾದ ಬಾಳೂ ಅವರು ಸಾರ್ವಜನಿಕ ಜೀವನಕ್ಕೆ ಬಂದರು. ಇಷ್ಟರಲ್ಲಿ ಮಾನಪತ್ರ ರಚಿಸಿದ ತರುಣನು ಡಾಕ್ಟರ್ ಅಂಬೇಡಕರರಾಗಿ, ೧೯೨೭ರಲ್ಲಿ ಮಹಾಡಿನ ಕೆರೆಯ ನೀರನ್ನು ಮುಟ್ಟಿ ದೇಶವನ್ನೇ ಎಚ್ಚರಿಸಿದ್ದರು. ಇಬ್ಬರ ಗುರಿ ಒಂದೇ, ದಾರಿ ಬೇರೆಯಾಯಿತು. ೧೯೩೨ರಲ್ಲಿ ಪ್ರತ್ಯೇಕ ಮತಕ್ಷೇತ್ರದ ಪ್ರಶ್ನೆಯ ಮೇಲೆ ಗಾಂಧೀಜಿ ಯೆರವಡಾ ಸೆರೆಮನೆಯಲ್ಲಿ ಉಪವಾಸ ಹೂಡಿದಾಗ, ಬಾಳೂ ಅವರು ಮದರಾಸಿನ ಎಂ. ಸಿ. ರಾಜಾ ಅವರೊಡಗೂಡಿ ರಾಜಿಗಾಗಿ ಶ್ರಮಿಸಿದರು. ಸೆಪ್ಟೆಂಬರ್ ೨೪ರ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. ೧೯೩೫ರಲ್ಲಿ ಅಂಬೇಡಕರರು ತಾವು ಹಿಂದುವಾಗಿ ಸಾಯುವುದಿಲ್ಲವೆಂದು ಯೇವಲೆಯಲ್ಲಿ ಘೋಷಿಸಿದಾಗ ಬಾಳೂ ಅದನ್ನು ಒಪ್ಪಲಿಲ್ಲ.

೧೯೩೭ರಲ್ಲಿ ಮುಂಬಯಿ ವಿಧಾನಸಭೆಯ ಚುನಾವಣೆ ಬಂದಿತು. ಅಂಬೇಡಕರರನ್ನು ಎದುರಿಸಬಲ್ಲ ಹೆಸರಿಗಾಗಿ ಹುಡುಕಿದ ಕಾಂಗ್ರೆಸ್ಸು ಬಾಳೂ ಅವರನ್ನು ಕಣಕ್ಕಿಳಿಸಿತು. ಬಿದ್ದ ಮತಗಳು ಅಂಬೇಡಕರರಿಗೆ ೧೩,೨೪೫, ಬಾಳೂ ಅವರಿಗೆ ೧೧,೨೨೫. ಎರಡು ಸಾವಿರದ ಅಂತರದಲ್ಲಿ ಬಾಳೂ ಸೋತರು. ಕಾಂಗ್ರೆಸ್ಸು ಆ ಚುನಾವಣೆಯಲ್ಲಿ ಅವರ ಕೀರ್ತಿಯನ್ನು ತನ್ನ ಕಾರ್ಯಕ್ಕೆ ಬಳಸಿಕೊಂಡಿತೆಂದು ಹೇಳುವವರಿದ್ದಾರೆ. ಆ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಹಿಂದೂ ತಂಡವೂ ಅವರ ಎಡಗೈಯನ್ನು ಹಾಗೆಯೇ ಬಳಸಿಕೊಂಡಿತ್ತಲ್ಲವೆ? ಆದರೆ ಮನುಷ್ಯನು ನಿಧಾನವಾಗಿ, ಒಬ್ಬೊಬ್ಬನಾಗಿ ಬದಲಾಗುವುದನ್ನು ಬಾಳೂ ತಮ್ಮ ಕಣ್ಣಾರೆ ಕಂಡಿದ್ದರು. ಕುಡಿಕೆಯಿಂದ ಮೇಜಿಗೆ, ಮೇಜಿನಿಂದ ಉಪನಾಯಕತ್ವಕ್ಕೆ ಬಂದಿದ್ದರು. ಆದುದರಿಂದ ಕಾಯಬಹುದೆಂದು ಅವರು ನಂಬಿದರು. ಅಂಬೇಡಕರರು ಕಾಯಲಾರದಾದರು. ನಾಯಕತ್ವಕ್ಕಾಗಿ ಹತ್ತು ವರ್ಷ ಕಾದ ಬಾಳೂ ಅವರಿಗೆ ಕೊನೆಗೆ ದೊರೆತದ್ದೇನೆಂಬುದನ್ನು ನೆನೆದಾಗ, ಕಾಯದವರನ್ನು ತಪ್ಪೆನ್ನಲು ನಮ್ಮ ಮನಸ್ಸು ಒಪ್ಪುವುದಿಲ್ಲ.

ಉಪಸಂಹಾರ

೧೯೩೨ರಲ್ಲಿ ಭಾರತವು ತನ್ನ ಮೊದಲ ಟೆಸ್ಟ್ ಪಂದ್ಯವನ್ನಾಡಿದಾಗ ಬಾಳೂ ಅವರಿಗೆ ಐವತ್ತಾರು ವರ್ಷ. ಆದುದರಿಂದ ಟೆಸ್ಟ್ ಆಟಗಾರರ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಪ್ರಥಮ ದರ್ಜೆಯ ೩೩ ಪಂದ್ಯಗಳಲ್ಲಿ ೧೭೯ ಹುದ್ದರಿ, ಸರಾಸರಿ ೧೫.೨೧ ಎಂಬ ಲೆಕ್ಕ ಮಾತ್ರ ಗ್ರಂಥಗಳಲ್ಲಿ ಉಳಿದಿದೆ. ಎಂಬತ್ತರ ಸಮೀಪದಲ್ಲಿ ಅವರು ತೀರಿಕೊಂಡಾಗ ಸಾಂತಾಕ್ರೂಜಿನಲ್ಲಿ ನಡೆದ ಅಂತ್ಯಕ್ರಿಯೆಗೆ ಕ್ರಿಕೆಟ್ ಆಟಗಾರರೂ ರಾಜಕೀಯ ಮುಖಂಡರೂ ನೆರೆದಿದ್ದರು. ಬಳಿಕ ದೀರ್ಘಕಾಲ ನಾಡು ಅವರನ್ನು ಮರೆತಿತು. ೨೦೦೨ರಲ್ಲಿ ಬೆಂಗಳೂರಿನ ಇತಿಹಾಸಕಾರ ರಾಮಚಂದ್ರ ಗುಹಾ ಅವರು ಭಾರತೀಯ ಕ್ರಿಕೆಟ್ಟಿನ ಚರಿತ್ರೆಯನ್ನು ಬರೆದು, ಪಾಲ್ವಣಕರ ಸೋದರರನ್ನು ಮತ್ತೆ ಬೆಳಕಿಗೆ ತಂದರು.

ಧಾರವಾಡದಲ್ಲಿ ಹುಟ್ಟಿ ಮುಂಬಯಿಯಲ್ಲಿ ಮಡಿದ ಈ ಪುರುಷನನ್ನು ನೆನೆಯಲು ಸಭೆ, ಭಾಷಣ, ಭಾವಚಿತ್ರಗಳ ಅವಶ್ಯಕತೆಯಿದೆಯೆಂದು ನಾವು ಹೇಳುವುದಿಲ್ಲ. ನಮ್ಮ ಹೋಟೆಲುಗಳ ಹುಡುಗರು ರಜೆಯ ದಿನ ಆಝಾದ್ ಮೈದಾನದಲ್ಲಿ ಚೆಂಡು ದಾಂಡು ಹಿಡಿದು ಆಡುವಾಗ, ಅವರಲ್ಲಿ ಯಾರ ಊರು ಯಾವುದು, ಜಾತಿ ಯಾವುದೆಂದು ಯಾರೂ ಕೇಳುವುದಿಲ್ಲ. ಆಟ ಮುಗಿಸಿ ಅವರು ಮರಳಿ ಬರುವ ಜಾಗ ನಮ್ಮದು. ಅಲ್ಲಿಯ ಹಿಂಬಾಗಿಲ ಕಿಟಕಿಯನ್ನು ಪ್ರತಿಯೊಬ್ಬ ಮಾಲಕರೂ ಇಂದು ಸಂಜೆ ಒಮ್ಮೆ ಹೋಗಿ ನೋಡಬೇಕೆಂದು ಮಾತ್ರ ನಮ್ಮ ವಿಜ್ಞಾಪನೆ. ಅಲ್ಲಿ ಬೋರಲಾಗಿರುವ ಕಪ್ಪು ಏನಾದರೂ ಕಂಡರೆ, ಅದನ್ನು ಉಳಿದ ಕಪ್ಪುಗಳೊಡನೆ ಸೇರಿಸಿ ತೊಳೆದಿಟ್ಟರೆ ಸಾಕು.